ರಿಟೈರ್ಡ್ ಸಾಹೇಬ್ರು ಪಾಠಕ್ಕೆ ನಿಂತಾಗ: ಪೊಲೀಸ್ ಅನುಭವ ಕ್ಲಾಸಲ್ಲಿ ಎಷ್ಟು ಕೆಲಸಕ್ಕೆ ಬರುತ್ತೆ?

2024ರ ಜುಲೈ 1ಕ್ಕೆ ಯಾವ ಅಪರಾಧಕ್ಕೆ ಏನು ಶಿಕ್ಷೆ ಅಂತ ಹೇಳೋ ಐಪಿಸಿ ಹೋಗಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಬಂತು, ತನಿಖೆ, ವಿಚಾರಣೆ ಹೇಗೆ ಅಂತ ಹೇಳೋ ಸಿಆರ್‌ಪಿಸಿ ಹೋಗಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ), ಸಾಕ್ಷ್ಯದ ಕಾನೂನಾದ ಎವಿಡೆನ್ಸ್ ಆ್ಯಕ್ಟ್ ಹೋಗಿ ಬಿಎಸ್‌ಎ (ಭಾರತೀಯ ಸಾಕ್ಷ್ಯ ಅಧಿನಿಯಮ). ಐಪಿಸಿಯ 511 ಸೆಕ್ಷನ್ ಇದ್ದ ಜಾಗದಲ್ಲಿ ಬಿಎನ್‌ಎಸ್‌ನ 358. ಕೊಲೆ ಅಂದ್ರೆ 302 ಅಂತ ಸಿನಿಮಾ ನೋಡಿ ಕಲಿತಿದ್ದು ಈಗ 103, ಮೋಸಗಾರನ್ನ 420 ಅಂತ ಬೈಯೋ ಹಾಗೂ ಇಲ್ಲ, 318 ಅನ್ಬೇಕು (ಯಾರು ಅಂತಾರೆ ಬಿಡಿ). ಠಾಣೆ ರೈಟರ್‌ನಿಂದ ಹಿಡಿದು ಲಾ ಕಾಲೇಜಿನ ಹುಡುಗರ ತನಕ ಎಲ್ರೂ ಮತ್ತೆ ಮೊದಲಿಂದ ಓದೋ ಹಾಗಾಯ್ತು. ಇಂಥ ಹೊತ್ತಲ್ಲಿ ಪಾಠ ಮಾಡೋಕೆ ಯಾರನ್ನ ಕರೀತಾರೆ? ಮೂವತ್ತು ಮೂವತ್ತೈದು ವರ್ಷ ಸರ್ವಿಸ್ ಮಾಡಿದ ರಿಟೈರ್ಡ್ ಡಿವೈಎಸ್ಪಿನ, ಎಸ್ಪಿನ. ಲಾ ಕಾಲೇಜಲ್ಲಿ ಗೆಸ್ಟ್ ಲೆಕ್ಚರ್, ಕ್ರಿಮಿನಾಲಜಿ ಡಿಪಾರ್ಟ್‌ಮೆಂಟಲ್ಲಿ ವಿಶೇಷ ಉಪನ್ಯಾಸ, ಅದೂ ಸಾಲದು ಅಂತ ಯೂಟ್ಯೂಬಲ್ಲಿ ಎರಡೆರಡು ಗಂಟೆ ಪಾಡ್‌ಕಾಸ್ಟ್.

ಜನ ಕೂತು ಕೇಳ್ತಾರೆ, ನಾನೂ ಕೇಳ್ತೀನಿ, ಯಾಕಂದ್ರೆ ಕಥೆ ಚೆನ್ನಾಗಿರುತ್ತೆ. ಆದ್ರೆ ಕಥೆ ಚೆನ್ನಾಗಿರೋದು ಬೇರೆ, ಪಾಠ ಆಗೋದು ಬೇರೆ. ಇಂಥ ಉಪನ್ಯಾಸಗಳಲ್ಲಿ ನೂರಕ್ಕೆ ತೊಂಬತ್ತು ಭಾಗ ಕೇಳಿ ಬರೋದು ಗೆದ್ದ ಕೇಸಿನ ಕಥೆ: ಯಾರಿಗೂ ಸುಳಿವು ಸಿಗದೇ ಇದ್ದಾಗ ನಾನು ಅವನ ಮುಖ ನೋಡಿದ ತಕ್ಷಣ ಇವನೇ ಅಂತ ಗೊತ್ತಾಯ್ತು, ಕೂರಿಸಿ ಕೇಳಿದೆ, ಅರ್ಧ ಗಂಟೇಲಿ ಬಾಯಿ ಬಿಟ್ಟ. ಕೇಳೋಕೆ ರೋಮಾಂಚನ, ಚಪ್ಪಾಳೆ, ಕೊನೆಗೆ ಶಾಲು ಹೊದಿಸಿ ಫಲತಾಂಬೂಲ. ನನ್ನ ತಕರಾರು ಇರೋದೇ ಇಲ್ಲಿ. ಗೆದ್ದ ಕೇಸು ಹುಡುಗರಿಗೆ ಧೈರ್ಯ ಕೊಡ್ಬಹುದು, ತನಿಖೆ ಕಲಿಸಲ್ಲ. ಸೋತ ಕೇಸನ್ನ, ಅದೂ ತಾನೇ ಎಡವಿದ ಕೇಸನ್ನ ಕ್ಲಾಸಿಗೆ ತಂದು ಬಿಚ್ಚಿಡೋ ಅಧಿಕಾರಿ ಮಾತ್ರ ನಿಜವಾದ ಮೇಷ್ಟ್ರು. ಇದು ಬರೀ ನನ್ನ ಅನಿಸಿಕೆ ಅಲ್ಲ, ನೂರು ವರ್ಷದ ಇತಿಹಾಸ ಇದೆ ಇದಕ್ಕೆ, ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಪೊಲೀಸ್ ಒಬ್ಬ ಪ್ರೊಫೆಸರ್ ಆಗ್ಬಹುದು ಅಂತ ಮೊದಲು ತೋರಿಸಿದವರಲ್ಲಿ ದೊಡ್ಡ ಹೆಸರು ಅಮೆರಿಕದ ಆಗಸ್ಟ್ ವೋಲ್ಮರ್. 1876ರಲ್ಲಿ ನ್ಯೂ ಆರ್ಲಿಯನ್ಸಲ್ಲಿ ಹುಟ್ಟಿದ್ದು, ಓದಿದ್ದು ತೀರಾ ಕಮ್ಮಿ, 1898ರಲ್ಲಿ ಸೈನಿಕನಾಗಿ ಫಿಲಿಪೀನ್ಸಿಗೆ ಹೋಗಿದ್ದ, ವಾಪಸ್ ಬಂದು ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರಲ್ಲಿ ಪೋಸ್ಟ್‌ಮ್ಯಾನ್ ಕೆಲಸ. 1905ರಲ್ಲಿ ಎಲೆಕ್ಷನ್ನಿಗೆ ನಿಂತು ಊರಿನ ಮಾರ್ಷಲ್ ಆದ, 1909ರಲ್ಲಿ ಅದೇ ಊರಿನ ಪೊಲೀಸ್ ಚೀಫ್, 1932ರ ತನಕ ಅದೇ ಕುರ್ಚಿ. ಬೀಟ್ ಪೊಲೀಸರಿಗೆ ಸೈಕಲ್ ಕೊಟ್ಟ, 1908ರಲ್ಲೇ ತನ್ನ ಇಲಾಖೆ ಒಳಗೆ ಒಂದು ಪೊಲೀಸ್ ಸ್ಕೂಲ್ ಶುರು ಮಾಡಿದ, ಪಕ್ಕದಲ್ಲೇ ಇದ್ದ ಯೂನಿವರ್ಸಿಟಿ ಮೇಷ್ಟ್ರುಗಳನ್ನ ಕರೆದು ತಂದು ಕಾನ್‌ಸ್ಟೇಬಲ್‌ಗಳಿಗೆ ಕಾನೂನು, ಫೋಟೋಗ್ರಫಿ, ಫಸ್ಟ್ ಏಡ್, ಸಾಕ್ಷ್ಯ ಜೋಪಾನ ಮಾಡೋದು ಎಲ್ಲ ಹೇಳಿಸಿಕೊಟ್ಟ. 1916ರಲ್ಲಿ ಯೂನಿವರ್ಸಿಟಿ ಒಳಗೇ ಬೇಸಿಗೆ ತರಗತಿ ಶುರು ಆಯ್ತು. 1929ರಲ್ಲಿ ಷಿಕಾಗೊ ಯೂನಿವರ್ಸಿಟಿ ಅವನನ್ನ ಪೊಲೀಸ್ ಆಡಳಿತದ ಪ್ರೊಫೆಸರ್ ಅಂತ ಕರೆಸಿಕೊಳ್ತು, ಆಮೇಲೆ ಬರ್ಕ್ಲಿಯಲ್ಲೂ ಪಾಠ ಮಾಡಿದ. ಹೈಸ್ಕೂಲ್ ಓದದೇ ಇದ್ದ ಮನುಷ್ಯ ಪ್ರೊಫೆಸರ್.

ಅವನ ಸಾಧನೆ ಪಟ್ಟಿ ಎಲ್ಲರೂ ಹೇಳ್ತಾರೆ, ನನಗೆ ಹಿಡಿಸಿದ್ದು ಮಾತ್ರ ಅವನ ಶುಕ್ರವಾರದ ಮೀಟಿಂಗು. ಪ್ರತಿ ಶುಕ್ರವಾರ ಇಲಾಖೆಯವರೆಲ್ಲ ಒಂದು ಕಡೆ ಸೇರ್ತಿದ್ರು, ಅವತ್ತು ರ‍್ಯಾಂಕ್ ಲೆಕ್ಕಕ್ಕಿಲ್ಲ. ಯಾರು ಯಾರ ತಪ್ಪನ್ನ ಬೇಕಾದ್ರೂ ಎತ್ತಿ ಆಡ್ಬಹುದು, ಹೊಸದಾಗಿ ಸೇರಿದ ಹುಡುಗ ಎದ್ದು ನಿಂತು ಚೀಫ್‌ಗೇ ನೀವು ಮಾಡಿದ್ದು ಸರಿ ಇಲ್ಲ ಅನ್ಬಹುದು, ಆದ್ರೆ ಅಲ್ಲಿ ಆಡಿದ ಮಾತು ಆ ಕೋಣೆ ದಾಟಿ ಹೊರಗೆ ಬರೋ ಹಾಗಿಲ್ಲ. ನಮ್ಮ ಠಾಣೆಯ ರೋಲ್ ಕಾಲನ್ನ ಒಂದ್ಸಲ ಕಣ್ಮುಂದೆ ತಂದುಕೊಳ್ಳಿ, ಸಾಹೇಬ್ರು ನಿಂತು ಬೈಯೋದು, ಉಳಿದವರು ಅಟೆನ್ಷನ್ನಲ್ಲಿ ಕೇಳೋದು. ವೋಲ್ಮರ್ ಅದನ್ನ ಉಲ್ಟಾ ಮಾಡಿದ್ದ. ಡಿಗ್ರಿ, ಸಿಲಬಸ್ಸು ಎಲ್ಲ ಆಮೇಲಿನ ಮಾತು, ನನ್ನ ಪ್ರಕಾರ ಅವನ ನಿಜವಾದ ಕ್ಲಾಸ್‌ರೂಮ್ ಅದೇ.

ಹಾಗಂತ ಅವನನ್ನ ದೇವರು ಮಾಡ್ಬೇಕಾಗಿಲ್ಲ. ಫಿಲಿಪೀನ್ಸ್ ಯುದ್ಧದಲ್ಲಿ ಕಲಿತ ಮಿಲಿಟರಿ ತಂತ್ರಗಳನ್ನೇ ಊರೊಳಗಿನ ಪೊಲೀಸ್ ಕೆಲಸಕ್ಕೆ ತಂದ ಅಂತ ಈಚೆಗೆ ಸಮಾಜಶಾಸ್ತ್ರಜ್ಞರು ವಿವರವಾಗಿ ಬರೆದಿದ್ದಾರೆ. ಆದ್ರೆ ಅದೇ ವೋಲ್ಮರ್ 1919ರಲ್ಲಿ ಬರ್ಕ್ಲಿಯ ಮೊದಲ ಕಪ್ಪು ಪೊಲೀಸ್ ಆಗಿ ವಾಲ್ಟರ್ ಗಾರ್ಡನ್ ಅವರನ್ನ ತಗೊಂಡ, ಆತ ಡ್ಯೂಟಿ ಮಾಡ್ತಾನೇ ಲಾ ಓದಿ ಮುಂದೆ ಯುಎಸ್ ವರ್ಜಿನ್ ಐಲ್ಯಾಂಡ್ಸಿನ ಗವರ್ನರ್ ಆದ್ರು.

ವೋಲ್ಮರ್ ಶಿಷ್ಯರು ದೇಶದ ತುಂಬ ಹರಡಿಕೊಂಡ್ರು. ಅವರಲ್ಲಿ ಒ.ಡಬ್ಲ್ಯು. ವಿಲ್ಸನ್ ಅನ್ನೋರು 1950ರಲ್ಲಿ ಬರ್ಕ್ಲಿಯಲ್ಲಿ ಶುರುವಾದ ಕ್ರಿಮಿನಾಲಜಿ ಸ್ಕೂಲಿನ ಡೀನ್, ಅಲ್ಲಿಂದ 1960ರಲ್ಲಿ ನೇರ ಷಿಕಾಗೊ ಪೊಲೀಸ್ ಮುಖ್ಯಸ್ಥ. ಇಷ್ಟರ ತನಕ ಕಥೆ ಚೆಂದ. ಕೆಟ್ಟಿದ್ದು ದುಡ್ಡು ಬಂದಾಗ. 1967ರಲ್ಲಿ ಅಧ್ಯಕ್ಷರ ಆಯೋಗ ಒಂದು, ಮುಂದೆ ಎಲ್ಲ ಪೊಲೀಸರಿಗೂ ಡಿಗ್ರಿ ಇರೋ ಹಾಗಾಗ್ಬೇಕು ಅಂತು, 1968ರ ಕಾನೂನಿನಡಿ ಪೊಲೀಸರ ಕಾಲೇಜು ಓದಿಗೆ ಕೇಂದ್ರ ಸರ್ಕಾರದ ಸ್ಕೀಮ್ ಬಂತು, ವರ್ಷಕ್ಕೆ 4 ಕೋಟಿ ಡಾಲರ್ ತನಕ ಖರ್ಚು. ದುಡ್ಡು ಇದೆ ಅಂದ್ಮೇಲೆ ಕೇಳ್ಬೇಕಾ, ಗಲ್ಲಿಗೊಂದು ಕಾಲೇಜಲ್ಲಿ ಪೊಲೀಸ್ ಸೈನ್ಸ್ ಕೋರ್ಸ್ ಹುಟ್ಕೊಳ್ತು (ನಮ್ಮಲ್ಲಿ ಇಂಜಿನಿಯರಿಂಗ್ ಕಾಲೇಜು ಹುಟ್ಟಿಕೊಂಡ ಹಾಗೇ). ಪಾಠ ಮಾಡೋರು ಬೇಕಲ್ಲ, ಹತ್ತಿರದ ಠಾಣೆಯಿಂದ ರಿಟೈರ್ ಆದವರನ್ನ ಕರೆದು ಕೂರಿಸಿದ್ರು.

ಹತ್ತು ವರ್ಷ ಆದ್ಮೇಲೆ, 1978ರಲ್ಲಿ, ಲಾರೆನ್ಸ್ ಶೆರ್ಮನ್ ನೇತೃತ್ವದಲ್ಲಿ ಒಂದು ರಾಷ್ಟ್ರೀಯ ವರದಿ ಬಂತು, ಈ ಕೋರ್ಸುಗಳ ಮಾನ ಹರಾಜು ಹಾಕಿತು. ಅದರ ಸಾರ ಇಷ್ಟೇ: ಪೊಲೀಸ್ ಅಕಾಡೆಮಿಯಲ್ಲಿ ಹೇಳ್ಕೊಡೋದನ್ನೇ ಕಾಲೇಜಲ್ಲೂ ಹೇಳ್ತಿದ್ದೀರಿ, ಮೇಷ್ಟ್ರಾಗಿ ತಗೊಳ್ಳೋಕೆ ಬರೀ ಪೊಲೀಸ್ ಅನುಭವನೇ ಅರ್ಹತೆ ಮಾಡ್ಕೊಂಡಿದ್ದೀರಿ, ಇಲಾಖೆ ಹೇಗಿದೆಯೋ ಹಾಗೇ ಇರಲಿ ಅನ್ನೋ ಪಾಠ ಇದು, ಪ್ರಶ್ನೆ ಕೇಳೋ ಪಾಠ ಅಲ್ಲ. ಅನುಭವ ಬೇಡ ಅಂತ ವರದಿ ಹೇಳ್ಲಿಲ್ಲ, ಅದೊಂದೇ ಸಾಕಾಗಲ್ಲ ಅಂತು. ಅತ್ತ ಬರ್ಕ್ಲಿಯ ಸ್ಕೂಲು ತದ್ವಿರುದ್ಧ ಕಾರಣಕ್ಕೆ, ಅಂದ್ರೆ ಪೊಲೀಸ್ ವ್ಯವಸ್ಥೆಯನ್ನ ತೀರಾ ಪ್ರಶ್ನೆ ಮಾಡೋ ಮೇಷ್ಟ್ರುಗಳು ಸೇರ್ಕೊಂಡ್ರು ಅನ್ನೋ ಗಲಾಟೆಲಿ, 1976ರಲ್ಲೇ ಮುಚ್ಚಿ ಹೋಗಿತ್ತು. ಒಂದು ಕಡೆ ಪ್ರಶ್ನೆನೇ ಇಲ್ಲ, ಇನ್ನೊಂದು ಕಡೆ ಪ್ರಶ್ನೆ ಕೇಳಿದ್ದಕ್ಕೆ ಬೀಗ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಅನುಭವ ಸಾಕಾಗಲ್ಲ ಅಂದ್ರೆ ಬಹಳ ಜನಕ್ಕೆ ಸಿಟ್ಟು ಬರುತ್ತೆ. ಮೂವತ್ತು ವರ್ಷ ಕಳ್ಳರ ಜೊತೆ ಏಗಿದವರಿಗೆ ಸುಳ್ಳು ಹೇಳೋನು ಯಾರು ಅಂತ ಗೊತ್ತಾಗಲ್ವಾ? ಸಂಶೋಧನೆ ಮಾಡಿ ನೋಡಿದ್ರೆ, ಇಲ್ಲ, ಗೊತ್ತಾಗಲ್ಲ. ಸುಳ್ಳು ಪತ್ತೆ ಮೇಲಿನ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನ ಒಟ್ಟು ಹಾಕಿ 2006ರಲ್ಲಿ ಬಾಂಡ್ ಮತ್ತು ಡಿಪೌಲೊ ಅನ್ನೋ ಇಬ್ಬರು ಲೆಕ್ಕ ಹಾಕಿದ್ರು, ಮನುಷ್ಯರು ಮುಖ, ಮಾತು ನೋಡಿ ಸತ್ಯ ಸುಳ್ಳು ಹೇಳೋದ್ರಲ್ಲಿ ಸರಾಸರಿ ನೂರಕ್ಕೆ 54 ಸಲ ಸರಿ. ನಾಣ್ಯ ಚಿಮ್ಮಿದ್ರೆ 50. ಪೊಲೀಸರೂ ಅಷ್ಟೇ, ಮಾಮೂಲಿ ಜನಾನೂ ಅಷ್ಟೇ, ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಇಲ್ಲ. ಇನ್ನೊಂದು ಪ್ರಯೋಗ ಇದಕ್ಕಿಂತ ಕಟುವಾಗಿದೆ, ಸಾಲ್ ಕ್ಯಾಸಿನ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತವರ ಜೊತೆಗಾರರು ಕೈದಿಗಳ ಕೈಲಿ ನಿಜವಾದ ತಪ್ಪೊಪ್ಪಿಗೆ, ಕಟ್ಟಿದ ತಪ್ಪೊಪ್ಪಿಗೆ ಎರಡನ್ನೂ ಹೇಳಿಸಿ ರೆಕಾರ್ಡ್ ಮಾಡಿ ತನಿಖಾಧಿಕಾರಿಗಳಿಗೂ ಕಾಲೇಜ್ ಹುಡುಗರಿಗೂ ತೋರಿಸಿದ್ರು. ಹುಡುಗರೇ ಹೆಚ್ಚು ಸರಿ ಹೇಳಿದ್ರು. ಆದ್ರೆ ನಾನು ಹೇಳಿದ್ದೇ ಸರಿ ಅನ್ನೋ ನಂಬಿಕೆ ಜಾಸ್ತಿ ಇದ್ದಿದ್ದು ಅಧಿಕಾರಿಗಳಿಗೆ.

ಇದರಲ್ಲಿ ಆಶ್ಚರ್ಯ ಏನಿಲ್ಲ. ಅಡುಗೆಯವನು ಉಪ್ಪು ಜಾಸ್ತಿ ಹಾಕಿದ್ರೆ ಊಟಕ್ಕೆ ಕೂತವರು ಅವತ್ತೇ ಹೇಳ್ತಾರೆ, ಅದಕ್ಕೇ ಅವನ ಕೈ ಪಳಗುತ್ತೆ. ತನಿಖಾಧಿಕಾರಿಗೆ ಆ ಅವಕಾಶ ಇಲ್ಲ. ಅವರು ಇವನೇ ಅಂತ ಹಿಡಿದು ಚಾರ್ಜ್‌ಶೀಟ್ ಹಾಕೋದು ಇವತ್ತು, ಕೋರ್ಟ್ ತೀರ್ಪು ಬರೋದು ಐದಾರು ವರ್ಷಕ್ಕೆ, ಅಷ್ಟರಲ್ಲಿ ಅವರು ಮೂರು ಸಲ ಟ್ರಾನ್ಸ್‌ಫರ್ ಆಗಿ ಬೇರೆ ಜಿಲ್ಲೇಲಿ ಇರ್ತಾರೆ, ಆರೋಪಿ ಬಿಡುಗಡೆ ಆದ್ರೆ ಸಾಕ್ಷಿ ಹಾಸ್ಟೈಲ್ ಆದ್ರು, ಪಿಪಿ (ಸರ್ಕಾರಿ ವಕೀಲರು) ಸರಿ ವಾದ ಮಾಡ್ಲಿಲ್ಲ, ಟೆಕ್ನಿಕಲ್ ಕಾರಣ ಅಂತ ಹೇಳ್ಕೊಂಡು ಮುಗೀತು. ತಾನು ಹಿಡಿದವನೇ ತಪ್ಪು ಮನುಷ್ಯ ಇರ್ಬಹುದಾ ಅನ್ನೋ ಪ್ರಶ್ನೆ ಎಲ್ಲೂ ಬರಲ್ಲ. ತಪ್ಪು ತಿರುಗಿ ಬಂದು ಮುಖಕ್ಕೆ ರಾಚದೇ ಇದ್ರೆ ಮೂವತ್ತು ವರ್ಷ ಅಲ್ಲ ಅರವತ್ತು ವರ್ಷ ಸರ್ವಿಸ್ ಆದ್ರೂ ಬೆಳೆಯೋದು ಆತ್ಮವಿಶ್ವಾಸ ಮಾತ್ರ.

ಮುಖ ನೋಡಿ ಹೇಳೋಕಾಗಲ್ಲ, ಮಿಷಿನ್ ಇಡೋಣ ಅಂತ ಹೊರಟಿದ್ದೂ ವೋಲ್ಮರ್ ಇಲಾಖೆನೇ. 1921ರಲ್ಲಿ ಅಲ್ಲಿನ ಪೊಲೀಸ್ ಜಾನ್ ಲಾರ್ಸನ್, ಪಿಎಚ್‌ಡಿ ಮಾಡಿದ ಮನುಷ್ಯ, ರಕ್ತದೊತ್ತಡ, ಉಸಿರಾಟ ಒಟ್ಟಿಗೆ ಗೀಚೋ ಯಂತ್ರ ಕಟ್ಟಿದ, ಅದೇ ಪಾಲಿಗ್ರಾಫ್. ವೋಲ್ಮರ್ ಉದ್ದೇಶ ಒಳ್ಳೇದೇ ಇತ್ತು, ಹೊಡೆದು ಬಾಯಿ ಬಿಡಿಸೋ ಪದ್ಧತಿ ಹೋಗ್ಲಿ ಅಂತ. ಕೊನೆಗೆ ಲಾರ್ಸನ್ ಸ್ವತಃ ತನ್ನ ಯಂತ್ರ ಬಳಸೋ ರೀತಿ ನೋಡಿ ಬೇಜಾರಾಗಿ ಅದರ ವಿರುದ್ಧವೇ ಮಾತಾಡೋ ಹಾಗಾಯ್ತು. ಈ ಕಥೆಗೆ ನಮ್ಮೂರಿನ ಕೊಂಡಿ ಇದೆ. ಒಂದು ಕಾಲದಲ್ಲಿ ದೇಶದ ಯಾವ ಮೂಲೆಯ ದೊಡ್ಡ ಕೇಸಾದ್ರೂ ಆರೋಪಿಯನ್ನ ನಾರ್ಕೋ ಟೆಸ್ಟಿಗೆ (ಔಷಧಿ ಕೊಟ್ಟು ಅರೆ ಮಂಪರಲ್ಲಿ ಪ್ರಶ್ನೆ ಕೇಳೋ ಪರೀಕ್ಷೆ) ಕರ್ಕೊಂಡು ಬರ್ತಿದ್ದಿದ್ದು ಬೆಂಗಳೂರಿಗೆ, ಛಾಪಾ ಕಾಗದ ಹಗರಣದ ತೆಲಗಿಗೂ ಇಲ್ಲೇ ಆಗಿದ್ದು, ಆ ವಿಡಿಯೋಗಳು ಟಿವಿಯಲ್ಲಿ ಓಡಿದ್ದು ನಿಮಗೂ ನೆನಪಿರ್ಬಹುದು. 2010ರ ಮೇ 5ಕ್ಕೆ ಸುಪ್ರೀಂ ಕೋರ್ಟ್ ಸೆಲ್ವಿ ವರ್ಸಸ್ ಸ್ಟೇಟ್ ಆಫ್ ಕರ್ನಾಟಕ ಕೇಸಲ್ಲಿ ಒಪ್ಪಿಗೆ ಇಲ್ಲದೆ ನಾರ್ಕೋ, ಪಾಲಿಗ್ರಾಫ್, ಬ್ರೇನ್ ಮ್ಯಾಪಿಂಗ್ ಯಾವುದನ್ನೂ ಮಾಡೋ ಹಾಗಿಲ್ಲ ಅಂತು. ಹುಡುಗರಿಗೆ ಪಾಠ ಮಾಡೋಕೆ ಇದಕ್ಕಿಂತ ಒಳ್ಳೆ ಲೋಕಲ್ ಉದಾಹರಣೆ ಬೇಕಾ?

ಇನ್ನು ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಮಾದರಿ ಅನ್ನಿಸೋ ಪೊಲೀಸ್ ಮೇಷ್ಟ್ರು ವೋಲ್ಮರ್ ಅಲ್ಲ, ಗಿಸ್ಲಿ ಗುಡ್‌ಯಾನ್ಸನ್ ಅನ್ನೋರು. ಐಸ್‌ಲ್ಯಾಂಡ್ ದೇಶದವರು, ಎಪ್ಪತ್ತರ ದಶಕದಲ್ಲಿ ಅಲ್ಲಿನ ರಾಜಧಾನಿಯಲ್ಲಿ ಡಿಟೆಕ್ಟಿವ್ ಆಗಿದ್ರು. ಒಂದ್ಸಲ ಒಬ್ಬ ಹೆಂಗಸಿನ ಪರ್ಸ್ ಕಳುವಾಗಿದೆ ಅಂತ ಕಂಪ್ಲೇಂಟ್ ಬಂತು, ಅವಳ ಜೊತೆ ಇದ್ದ ಕುಡುಕ ಒಬ್ಬನ ಮೇಲೆ ಅನುಮಾನ. ಗಿಸ್ಲಿ ಅವನನ್ನ ಕೂರಿಸಿ ವಿಚಾರಿಸಿದ್ರು, ಹೊಡೆದಿಲ್ಲ ಬಡಿದಿಲ್ಲ, ಆ ಮನುಷ್ಯನಿಗೆ ಕುಡಿದ ಅಮಲಲ್ಲಿ ಏನಾಯ್ತು ಅನ್ನೋದೇ ಸರಿ ನೆನಪಿಲ್ಲ, ನಾನೇ ತಗೊಂಡಿರ್ಬೇಕು ಅಂತ ಒಪ್ಕೊಂಡ. ಕೇಸ್ ಮುಗೀತು ಅನ್ನೋಷ್ಟರಲ್ಲಿ ಪರ್ಸ್ ಸಿಕ್ತು, ಕಳುವೇ ಆಗಿರಲಿಲ್ಲ, ಆ ಹೆಂಗಸೇ ಬೇರೆ ಕಡೆ ಇಟ್ಟು ಮರೆತಿದ್ಲು. ನಡೆದೇ ಇಲ್ಲದ ಕಳ್ಳತನವನ್ನ ಒಬ್ಬ ಮನುಷ್ಯ ಪ್ರಾಮಾಣಿಕವಾಗಿ ಒಪ್ಕೊಂಡಿದ್ದ!

ಬೇರೆ ಯಾರಾದ್ರೂ ಆಗಿದ್ರೆ ಇದನ್ನ ಹೂತು ಹಾಕಿ ಕೈ ತೊಳ್ಕೊಳ್ತಿದ್ರು. ಇವರು ಅದನ್ನೇ ಹಿಡ್ಕೊಂಡು ಜೀವನಪೂರ್ತಿ ಓದಿದ್ರು, ಸೈಕಾಲಜಿ ಕಲಿತು ಲಂಡನ್ನಿನ ಕಿಂಗ್ಸ್ ಕಾಲೇಜಲ್ಲಿ ಪ್ರೊಫೆಸರ್ ಆದ್ರು, ಎಷ್ಟು ಒತ್ತಡಕ್ಕೆ ಎಂಥ ಮನುಷ್ಯ ಬಗ್ತಾನೆ ಅಂತ ಅಳೆಯೋ ಪರೀಕ್ಷೆ ರೂಪಿಸಿದ್ರು, ಬ್ರಿಟನ್ನಿನ ಗಿಲ್ಡ್‌ಫರ್ಡ್ ಫೋರ್, ಬರ್ಮಿಂಗ್‌ಹ್ಯಾಮ್ ಸಿಕ್ಸ್ ಕೇಸುಗಳಲ್ಲಿ ಪರಿಣತರಾಗಿ ಕೆಲಸ ಮಾಡಿದ್ರು. ಬಾಂಬ್ ಇಟ್ರು ಅಂತ ಜೈಲಿಗೆ ಹೋದವರು ಇವರೆಲ್ಲ, ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ದೊಡ್ಡ ಆಧಾರ, 1989ರಲ್ಲಿ ನಾಲ್ಕು ಜನ, 1991ರಲ್ಲಿ ಆರು ಜನ ನಿರಪರಾಧಿಗಳು ಅಂತ ಹೊರಗೆ ಬಂದ್ರು, ಒಳಗೆ ಕಳೆದಿದ್ದು ಸುಮಾರು ಹದಿನೈದು ಹದಿನಾರು ವರ್ಷ. ಐಸ್‌ಲ್ಯಾಂಡಲ್ಲೇ 1974ರಲ್ಲಿ ಇಬ್ಬರು ಕಾಣೆಯಾದ ಪ್ರಕರಣದಲ್ಲಿ ಆರು ಜನ ತಪ್ಪೊಪ್ಪಿ ಶಿಕ್ಷೆ ಆಗಿತ್ತು, ಆ ಫೈಲು ಮತ್ತೆ ತೆರೆದಾಗಲೂ ಗಿಸ್ಲಿ ಇದ್ರು, 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರಲ್ಲಿ ಐದು ಜನರನ್ನ ಖುಲಾಸೆ ಮಾಡಿತು.

ಬ್ರಿಟನ್ ಪೊಲೀಸ್ ಈ ಅವಮಾನದಿಂದ ಒಂದು ಪಾಠ ಕಲಿತು ತೊಂಬತ್ತರ ದಶಕದ ಶುರುವಲ್ಲಿ ವಿಚಾರಣೆ ಮಾಡೋ ಪದ್ಧತಿನೇ ಬದಲಾಯಿಸ್ತು, ಒಪ್ಪಿಸೋದು ಗುರಿ ಅಲ್ಲ, ಮಾಹಿತಿ ತೆಗೆಯೋದು ಗುರಿ. ಸಾಕ್ಷಿಯನ್ನ ಕೇಳೋ ಹಾಗೇ ಆರೋಪಿಯನ್ನೂ ಕೇಳೋದು, ಮೊದಲು ಅವನ ಕಥೆ ಪೂರ್ತಿ ಹೇಳೋಕೆ ಬಿಡೋದು, ಆಮೇಲೆ ಸಾಕ್ಷ್ಯದ ಜೊತೆ ಹೊಂದಿಸಿ ನೋಡೋದು. ನಾರ್ವೆ ಅದನ್ನ ತಗೊಂಡು ತನ್ನದೇ ಟ್ರೈನಿಂಗ್ ಮಾಡ್ಕೊಳ್ತು, ಅದರ ಹಿಂದೆ ಇದ್ದವರೂ ಆಸ್‌ಬ್ಯೋರ್ನ್ ರಾಕ್ಲೆವ್ ಅಂಥ ಸರ್ವಿಸಲ್ಲಿದ್ದ ಪೊಲೀಸರೇ, ಅವರು ಪೊಲೀಸ್ ತನಿಖೆಯ ತಪ್ಪುಗಳ ಮೇಲೇ ಪಿಎಚ್‌ಡಿ ಮಾಡಿದ್ದು.

ಈಗ ನಮ್ಮ ಕಡೆ ನೋಡಿ. ನಮ್ಮ ಠಾಣೆಗಳಲ್ಲಿ ಸ್ವಇಚ್ಛಾ ಹೇಳಿಕೆ ಅಂತ ಒಂದಿದೆ. ಚಾರ್ಜ್‌ಶೀಟ್ ತೆಗೆದು ನೋಡಿದ್ರೆ ಆರೋಪಿ ಹುಟ್ಟಿದ ಊರಿಂದ ಶುರು ಮಾಡಿ ಕೃತ್ಯದ ತನಕ ಅಚ್ಚುಕಟ್ಟಾಗಿ ಹೇಳಿರ್ತಾನೆ, ಕೊನೇಲಿ ನನ್ನ ಜೊತೆ ಬಂದ್ರೆ ಬಚ್ಚಿಟ್ಟ ಜಾಗ ತೋರಿಸ್ತೀನಿ ಅಂತ ಒಂದು ಸಾಲು. ಆ ಸಾಲು ಇರೋದಕ್ಕೆ ಕಾರಣ ಇದೆ, ಪೊಲೀಸ್ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಲ್ಲಿ ನಡೆಯಲ್ಲ, ಅದರಿಂದ ವಸ್ತು ಸಿಕ್ಕಿದ್ರೆ ಅಷ್ಟು ಭಾಗ ಮಾತ್ರ ನಡೆಯುತ್ತೆ. ಹಳೇ ಎವಿಡೆನ್ಸ್ ಆ್ಯಕ್ಟಿನ ಸೆಕ್ಷನ್ 25, 26, 27 ಮೂರೂ ಸೇರಿ ಈಗ ಬಿಎಸ್‌ಎ ಸೆಕ್ಷನ್ 23 ಆಗಿದೆ, ನಂಬರ್ ಬದಲಾಯ್ತೇ ಹೊರತು ತಿರುಳು ಅದೇ. ಹೊಸ ಕಾನೂನಿನ ಟ್ರೈನಿಂಗ್ ಅಂದ್ರೆ ಹಳೇ ನಂಬರ್ ಎಡಗಡೆ ಹೊಸ ನಂಬರ್ ಬಲಗಡೆ ಹಾಕಿದ ಒಂದು ಚಾರ್ಟ್ ಕೊಟ್ಟು ಕಳಿಸೋದು ಅಂದ್ಕೊಂಡ್ರೆ ಈ ಸ್ವಇಚ್ಛಾ ಹೇಳಿಕೆ ಸಂಸ್ಕೃತಿ ಹಾಗೇ ಉಳಿಯುತ್ತೆ.

ನಿಜವಾಗಿ ಬದಲಾಗಿರೋ ಜಾಗ ಬೇರೆ ಇದೆ. ಬಿಎನ್‌ಎಸ್‌ಎಸ್ ಸೆಕ್ಷನ್ 105 ಪ್ರಕಾರ ಶೋಧ, ಜಪ್ತಿ ಎಲ್ಲ ಆಡಿಯೋ ವಿಡಿಯೋ ರೆಕಾರ್ಡ್ ಆಗ್ಬೇಕು, ಪಟ್ಟಿ ಮಾಡೋದು, ಪಂಚರು (ಸ್ಥಳದಲ್ಲಿ ಸಾಕ್ಷಿಯಾಗಿ ನಿಲ್ಲೋರು) ಸಹಿ ಹಾಕೋದೂ ಸೇರಿ, ಮೊಬೈಲಲ್ಲಿ ಮಾಡಿದ್ರೂ ಸರಿ, ತಡ ಮಾಡದೆ ಮ್ಯಾಜಿಸ್ಟ್ರೇಟಿಗೆ ಕಳಿಸ್ಬೇಕು. 176(3) ಪ್ರಕಾರ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರೋ ಅಪರಾಧ ಆದ್ರೆ ಫೊರೆನ್ಸಿಕ್ ತಜ್ಞರು ಜಾಗಕ್ಕೆ ಬರ್ಬೇಕು, ರಾಜ್ಯಗಳಿಗೆ ಐದು ವರ್ಷದ ಒಳಗೆ ಜಾರಿ ಮಾಡೋಕೆ ಟೈಮ್ ಕೊಟ್ಟಿದ್ದಾರೆ. ಆ ವಿಡಿಯೋ ಕೋರ್ಟಲ್ಲಿ ನಿಲ್ಬೇಕು ಅಂದ್ರೆ ಬಿಎಸ್‌ಎ ಸೆಕ್ಷನ್ 63ರ ಸರ್ಟಿಫಿಕೇಟ್ ಬೇಕು, ಎರಡು ಭಾಗ, ಒಂದನ್ನ ಕೊಡೋರು ತುಂಬ್ಬೇಕು, ಇನ್ನೊಂದನ್ನ ತಜ್ಞರು, ಫೈಲಿನ ಹ್ಯಾಷ್ ವ್ಯಾಲ್ಯೂ (ಫೈಲ್ ತಿದ್ದಿಲ್ಲ ಅಂತ ತೋರಿಸೋ ಗುರುತಿನ ಸಂಖ್ಯೆ) ಸಮೇತ.

ಇದನ್ನ ಬೋರ್ಡ್ ಮೇಲೆ ಬರೆದು ಹೇಳ್ಕೊಡೋಕೆ ಲಾ ಮೇಷ್ಟ್ರು ಸಾಕು. ಆದ್ರೆ ರಾತ್ರಿ ಒಂದೂವರೆಗೆ ಕರೆಂಟ್ ಇಲ್ಲದ ಹಳ್ಳಿ ಮನೇಲಿ ಹೆಣದ ಸುತ್ತ ಐವತ್ತು ಜನ ಅಳ್ತಾ ನಿಂತಿರೋವಾಗ, ಪಂಚರಾಗಿ ಬನ್ನಿ ಅಂದ್ರೆ ಕೋರ್ಟ್ ಅಲೆದಾಟ ಯಾರಿಗೆ ಬೇಕು ಸಾರ್ ಅಂತ ಒಬ್ಬೊಬ್ಬರೇ ಜಾರ್ಕೊಳ್ಳೋವಾಗ, ಪಿಎಸ್‌ಐ ಒಂದು ಕೈಲಿ ಟಾರ್ಚ್ ಇನ್ನೊಂದು ಕೈಲಿ ಫೋನ್ ಹಿಡ್ಕೊಂಡು ಮಧ್ಯದಲ್ಲಿ ಮೇಲಧಿಕಾರಿ ಕಾಲ್ ಬಂದು ರೆಕಾರ್ಡಿಂಗ್ ಕಟ್ ಆದ್ರೆ, ಆ ಎರಡು ನಿಮಿಷದ ಗ್ಯಾಪನ್ನ ಮೂರು ವರ್ಷ ಆದ್ಮೇಲೆ ಡಿಫೆನ್ಸ್ ಲಾಯರ್ ಹಿಡ್ಕೊಂಡು ಪಾಟೀಸವಾಲಲ್ಲಿ ಹೇಗೆ ಜಗ್ತಾರೆ ಅನ್ನೋದು ಪುಸ್ತಕದಲ್ಲಿ ಸಿಗಲ್ಲ. ಇದನ್ನ ಸಾಕ್ಷಿ ಕಟ್ಟೆಯಲ್ಲಿ ನಿಂತು ಬೆವರಿದ ಅಧಿಕಾರಿನೇ ಹೇಳ್ಬೇಕು. ರಿಟೈರ್ಡ್ ಸಾಹೇಬ್ರನ್ನ ಕರೀಲೇಬಾರ್ದು ಅಂತ ನಾನು ಹೇಳ್ತಿಲ್ಲ, ಕರೀಬೇಕಾಗಿರೋದೇ ಇದಕ್ಕೆ.

ನಮ್ಮಲ್ಲಿ ವ್ಯವಸ್ಥೆ ಇಲ್ಲ ಅಂತಲೂ ಅಲ್ಲ. ಹೈದರಾಬಾದಲ್ಲಿ ಐಪಿಎಸ್ ಅಕಾಡೆಮಿ, ಮೈಸೂರಲ್ಲಿ ಕರ್ನಾಟಕ ಪೊಲೀಸ್ ಅಕಾಡೆಮಿ, ಕರ್ನಾಟಕ ವಿವಿಯ ಕ್ರಿಮಿನಾಲಜಿ ಡಿಪಾರ್ಟ್‌ಮೆಂಟ್ ಧಾರವಾಡದಲ್ಲಿ ಬಹಳ ವರ್ಷದಿಂದ ಇದೆ, ಈಗ ಅದೇ ಊರಲ್ಲಿ ರಾಷ್ಟ್ರೀಯ ಫೊರೆನ್ಸಿಕ್ ವಿವಿ ಕ್ಯಾಂಪಸ್, ಶಿವಮೊಗ್ಗದಲ್ಲಿ ರಾಷ್ಟ್ರೀಯ ರಕ್ಷಾ ವಿವಿಯ ಕ್ಯಾಂಪಸ್. ತೊಂದರೆ ಇರೋದು ಇಲಾಖೆ ಮನಸ್ಸಲ್ಲಿ, ಟ್ರೈನಿಂಗ್ ಸ್ಕೂಲಿಗೆ ಪೋಸ್ಟಿಂಗ್ ಅಂದ್ರೆ ಪನಿಶ್‌ಮೆಂಟ್, ಲೂಪ್‌ಲೈನ್ ಅಂತಲೇ ಮಾತು. ಪ್ರೊಫೆಸರ್ ಎಂ.ಎಸ್. ಗೋರೆ ಅವರ ಸಮಿತಿ ಪೊಲೀಸ್ ಟ್ರೈನಿಂಗ್ ಬಗ್ಗೆ ವರದಿ ಕೊಟ್ಟು 1973ಕ್ಕೇ ಮುಗಿಸಿದೆ, ಐವತ್ತು ವರ್ಷ ಆದ್ಮೇಲೂ ಪಾಠ ಮಾಡೋ ಜಾಗಕ್ಕೆ ಒಳ್ಳೆ ತನಿಖಾಧಿಕಾರಿ ತಾನಾಗೇ ಕೇಳಿ ಹೋಗೋದು ಅಪರೂಪ. ಸರ್ವಿಸಲ್ಲಿದ್ದಾಗ ಪಾಠ ಮಾಡೋದನ್ನ ಕಲೀಲೇ ಇಲ್ಲ ಅಂದ್ಮೇಲೆ ರಿಟೈರ್ ಆದ ಮರುದಿನ ಮೇಷ್ಟ್ರು ಹೇಗಾಗ್ತಾರೆ.

ಸೋತ ಕೇಸು ಪಾಠ ಆಗ್ಬೇಕು ಅಂತ ನಾನು ಹೇಳೋ ಮಾತನ್ನ ಸುಪ್ರೀಂ ಕೋರ್ಟ್ 2014ರ ಜನವರಿಯಲ್ಲೇ ಆದೇಶವಾಗಿ ಹೇಳಿದೆ, ಸ್ಟೇಟ್ ಆಫ್ ಗುಜರಾತ್ ವರ್ಸಸ್ ಕಿಶನ್‌ಭಾಯಿ ಕೇಸಲ್ಲಿ. ಆರು ವರ್ಷದ ಮಗು ಮೇಲಿನ ಅತ್ಯಾಚಾರ, ಕೊಲೆ. ಕೆಳ ಕೋರ್ಟ್ ಕೊಟ್ಟ ಗಲ್ಲು ಶಿಕ್ಷೆ ಹೈಕೋರ್ಟಲ್ಲಿ ಬಿತ್ತು, ಸುಪ್ರೀಂ ಕೋರ್ಟೂ ಖುಲಾಸೆಯನ್ನೇ ಎತ್ತಿ ಹಿಡೀಬೇಕಾಯ್ತು, ಯಾಕಂದ್ರೆ ತನಿಖೆ ತುಂಬ ತೂತು, ರಕ್ತದ ಮಾದರಿ ಇದ್ದೂ ಡಿಎನ್‌ಎ ಪರೀಕ್ಷೆ ಮಾಡಿಸಿರಲಿಲ್ಲ. ಆವಾಗ ಕೋರ್ಟ್ ಹೇಳಿದ್ದು: ಪ್ರತಿ ಖುಲಾಸೆ ಆದಾಗ್ಲೂ ರಾಜ್ಯದ ಹಿರಿಯ ಅಧಿಕಾರಿಗಳ ಸಮಿತಿ ಕೂತು ಎಲ್ಲಿ ಎಡವಿದ್ರು ನೋಡ್ಬೇಕು, ಆ ತಪ್ಪುಗಳನ್ನೇ ಕಿರಿಯ ತನಿಖಾಧಿಕಾರಿಗಳ, ಪ್ರಾಸಿಕ್ಯೂಟರ್‌ಗಳ ಟ್ರೈನಿಂಗ್ ಸಿಲಬಸ್ಸಿಗೆ ಸೇರಿಸ್ಬೇಕು, ಹಿರಿಯರ ರಿಫ್ರೆಶರ್ ಕೋರ್ಸಿಗೂ ಅದೇ, ವರ್ಷಕ್ಕೊಂದ್ಸಲ ಪರಿಷ್ಕರಿಸ್ಬೇಕು. ಟೈಮ್ ಕೊಟ್ಟಿದ್ದು ಆರು ತಿಂಗಳು.

ಆ ಸಮಿತಿ, ಆ ಸಿಲಬಸ್ಸು ಬಂದಾಗ ಬರ್ಲಿ, ಕಾಲೇಜುಗಳು ಕಾಯ್ಬೇಕಾಗಿಲ್ಲ. ಖುಲಾಸೆ ತೀರ್ಪುಗಳು ಇ-ಕೋರ್ಟ್ಸ್ ವೆಬ್‌ಸೈಟಲ್ಲಿ ಪುಕ್ಕಟೆ ಸಿಗ್ತವೆ, ಸೆಷನ್ಸ್ ಕೋರ್ಟಿನವು ಎಷ್ಟೋ ಕನ್ನಡದಲ್ಲೇ ಇರ್ತವೆ. ಗೆಸ್ಟ್ ಲೆಕ್ಚರಿಗೆ ಕರೆಯೋ ಮುಂಚೆ ಆ ಸಾಹೇಬ್ರು ತನಿಖೆ ಮಾಡಿ ಬಿದ್ದುಹೋದ ಒಂದು ಕೇಸಿನ ತೀರ್ಪನ್ನ ಅವರನ್ನೇ ಕೇಳಿ ತರಿಸ್ಕೊಳ್ಳಿ, ಹುಡುಗರಿಗೆ ಒಂದು ವಾರ ಮೊದಲೇ ಓದೋಕೆ ಕೊಡಿ, ಆಮೇಲೆ ಒಬ್ಬ ಹುಡುಗೀನ ಡಿಫೆನ್ಸ್ ಲಾಯರ್ ಮಾಡಿ ಸಾಹೇಬ್ರನ್ನೇ ಪಾಟೀಸವಾಲಿಗೆ ನಿಲ್ಲಿಸಿ. ಕೆಲವರು ಬರಲ್ಲ ಅಂತಾರೆ, ಅಂಥವರಿಗೆ ಪಾಡ್‌ಕಾಸ್ಟ್ ಹೇಗೂ ಇದೆ. ಬರ್ತೀನಿ ಅಂದವರಿಗೆ ಮಾತ್ರ ಬಸ್ ಚಾರ್ಜೂ ಸಂಭಾವನೆನೂ ಸರಿಯಾಗಿ ಕೊಡಿ, ಶಾಲು ಹೊದಿಸಿ ಕಳಿಸ್ಬೇಡಿ.